ನೋಡುವುದಕ್ಕೆ ಏನೂ ಇಲ್ಲವಂತೆ!

ಇವತ್ತು ಸಂಜೆ ನಮ್ಮ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬಂಡೆಬಯಲಿನಲ್ಲಿ, ಕೇಳಿದ ಮಾತು ಇನ್ನೂ ತಲೆಯಲ್ಲಿ ಕುಟುಕುತ್ತಿದೆ. ಕಾಸರಗೋಡಿನ ಅನಂತಪುರದ ಸರೋವರ ದೇವಸ್ಥಾನ ನೋಡಿಕೊಂಡು ಬಂದಿದ್ದ ಯುವಕರ ಗುಂಪೊಂದು ಡ್ರೋನ್ ಹಾರಿಸಿತು, ರೀಲ್ಸ್ ಮಾಡಿತು. ಹೊರಡುವಾಗ ಒಬ್ಬ ನನ್ನ ಹತ್ತಿರ ಬಂದು, "ಜಾಗ ಚೆನ್ನಾಗಿದೆ ಸರ್, ಆದರೆ ನೋಡುವುದಕ್ಕೆ ಏನೂ ಇಲ್ಲವಲ್ಲ" ಎಂದ. ಅವನ ಶೂ ಅಡಿಯಲ್ಲಿ ನೀಲಿ ಹೂಗಳು ಜಜ್ಜಿಹೋಗಿದ್ದವು.

ಏನೂ ಇಲ್ಲವೇ? ಬೇಸಿಗೆಯಲ್ಲಿ ಕಾದ ಕಾವಲಿಯಂತಿರುವ ಈ ಮುರಕಲ್ಲಿನ (ಕೆಂಪುಕಲ್ಲಿನ) ಬಂಡೆಯ ಮೇಲೆ ಆಗಸ್ಟ್ ಬಂತೆಂದರೆ ಬೆರಳುದ್ದದ ನೀರು ನಿಲ್ಲುತ್ತದೆ. ಆ ನೀರಿನಲ್ಲಿ ಯುಟ್ರಿಕ್ಯುಲೇರಿಯಾ ಎಂಬ ನೀಲಿ ಹೂವಿನ ಪುಟ್ಟ ಗಿಡ ಅರಳುತ್ತದೆ. ನೆರೆಮನೆಯ ಮಲೆಯಾಳಿ ಮಕ್ಕಳು ಓಣಂ ಪೂಕಳಕ್ಕೆ, ಅಂದರೆ ಹೂವಿನ ರಂಗೋಲಿಗೆ, 'ಕಾಕ್ಕಪ್ಪೂವು' ಎಂದು ಕೊಯ್ದೊಯ್ಯುವುದು ಇದನ್ನೇ. ಈ ಗಿಡಕ್ಕೆ ಬೇರೇ ಇಲ್ಲ. ನೀರಿನೊಳಗೆ ಸಾಸಿವೆಗಿಂತ ಸಣ್ಣ ಚೀಲಗಳಿವೆ. ಸೂಕ್ಷ್ಮಜೀವಿಯೊಂದು ತಾಗಿದರೆ ಸಾಕು, ಚೀಲದ ಬಾಗಿಲು ತೆರೆದು ಅದನ್ನು ಒಳಗೆಳೆದುಕೊಳ್ಳುತ್ತದೆ, ನಾವು ರೆಪ್ಪೆ ಮಿಟುಕಿಸುವುದರೊಳಗೆ. ಬಂಡೆಯ ಮೇಲಿನ ಮಣ್ಣಿನಲ್ಲಿ ಸಾರಜನಕ ಸಾಲದು, ಅದಕ್ಕೇ ಈ ಬೇಟೆ.

ಪಕ್ಕದಲ್ಲೇ ಡ್ರೊಸೆರಾ, ಹುಳ ಹಿಡಿದು ತಿನ್ನುವ ಇನ್ನೊಂದು ಗಿಡ. ಎಲೆಯ ಮೈತುಂಬ ಕೆಂಪು ಕೂದಲು, ಒಂದೊಂದರ ತುದಿಯಲ್ಲೂ ಒಂದೊಂದು ಅಂಟಿನ ಹನಿ. ಇಬ್ಬನಿಯೆಂದು ಬಂದು ಕೂತ ನುಸಿ ಮತ್ತೆ ಏಳುವುದಿಲ್ಲ. ಅಪ್ಪ ತೀರಿಕೊಂಡ ಮಳೆಗಾಲದಲ್ಲಿ ನನಗೆ ಮನೆಯೊಳಗೆ ಉಸಿರು ಕಟ್ಟುತ್ತಿತ್ತು, ಯಾರ ಮಾತೂ ಬೇಡವಾಗಿತ್ತು. ಒಂದು ಸಂಜೆ ಇಲ್ಲೇ ಕುಕ್ಕರುಗಾಲಲ್ಲಿ ಕುಳಿತು, ಆ ಕೂದಲುಗಳು ನುಸಿಯ ಮೇಲೆ ಒಂದೊಂದಾಗಿ ಬಾಗುವುದನ್ನು ಕತ್ತಲಾಗುವವರೆಗೆ ನೋಡಿದ್ದೆ. ದುಃಖ ಹೋಯಿತು ಎನ್ನಲಾರೆ. ಆ ರಾತ್ರಿ ಊಟ ಮಾಡಿದೆ, ಅಷ್ಟೇ. ಇದನ್ನು ಯಾರಿಗೂ ಹೇಳಿರಲಿಲ್ಲ.

ಅದೇ ಜಾಗದಲ್ಲಿ ನಿಂತು ಏನೂ ಇಲ್ಲ ಎಂದರೆ ನನಗೆ ಸಹಿಸಲಾಗುವುದಿಲ್ಲ.

"ಎಲ್ಲರಿಗೂ ನಿಮ್ಮಷ್ಟು ಪುರುಸೊತ್ತು ಎಲ್ಲಿದೆ?" ಎಂದು ನೀವು ಕೇಳುತ್ತೀರಿ, ಗೊತ್ತು. ಹುಲ್ಲು ಕೊಯ್ಯಲು ಬರುವ ಅಕ್ಕಂದಿರಿಗೆ ನಮ್ಮೆಲ್ಲರಿಗಿಂತ ಹೆಚ್ಚು ಕೆಲಸ. ಹಟ್ಟಿಯಲ್ಲಿ ದನ ಕಾಯುತ್ತಿರುತ್ತದೆ, ಒಲೆ ಹಚ್ಚಬೇಕು. ಆದರೂ ಹೊರೆ ಕಟ್ಟುವ ಮೊದಲು, "ಈ ಸಲ ಹೂ ಬೇಗ ಬಂತು ನೋಡಿ ಮಾಷ್ಟ್ರೇ" ಎನ್ನುತ್ತಾರೆ. ಕತ್ತಿ ಎಲ್ಲಿ ಬೀಸಬಾರದು ಎಂಬುದೂ ಅವರಿಗೆ ಗೊತ್ತು. ಡ್ರೋನ್‌ಗೆ ಬ್ಯಾಟರಿ ಹಾಕಿ, ಹಾರಿಸಿ, ಇಳಿಸುವಷ್ಟು ಸಮಯ ಇದ್ದವರಿಗೆ ಬಗ್ಗಿ ನೋಡುವಷ್ಟು ಸಮಯ ಇರಲಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ.

ಈ 'ಏನೂ ಇಲ್ಲ' ಎಂಬ ಮಾತಿಗೆ ನಾನು ಇಷ್ಟು ಹೆದರುವುದಕ್ಕೆ ಇನ್ನೊಂದು ಕಾರಣವಿದೆ. ಏನೂ ಇಲ್ಲ ಎಂದಾದ ಜಾಗ ಪಾಳುಭೂಮಿಯಾಗುತ್ತದೆ, ಪಾಳುಭೂಮಿಗೆ ಕಲ್ಲು ಕೊಯ್ಯುವ ಯಂತ್ರ ಬರುತ್ತದೆ. ನಮ್ಮ ಮನೆಯ ಸುರಂಗದಲ್ಲಿ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದಲ್ಲಿ, ಮಾರ್ಚಿಯಲ್ಲೂ ನೀರು ತೊಟ್ಟಿಕ್ಕಿ, ಪಂಪಿಲ್ಲದೆ ತಾನಾಗಿ ತೊಟ್ಟಿಗೆ ಹರಿದು ಬರುತ್ತದೆ. ಅದು ಈ ಬಂಡೆ ಕುಡಿದಿಟ್ಟುಕೊಂಡ ಮಳೆ. ಇಂಥ ಸುರಂಗಗಳಿರುವ ಪೆರ್ಲ, ಬಾಯಾರು ಕಡೆಯ ಗೆಳೆಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೂವನ್ನು ಬಗ್ಗಿ ನೋಡಿದವನು ಈ ಕಲ್ಲಿಗೆ ಅಷ್ಟು ಸುಲಭದಲ್ಲಿ ಗರಗಸ ಇಡಲಾರ ಎಂದು ನಾನು ಇನ್ನೂ ನಂಬಿದ್ದೇನೆ.

ಬನ್ನಿ. ಮಳೆ ನಿಂತು ಬಿಸಿಲು ಬಲಿತರೆ ನೀರು ಆರಿ ಇಲ್ಲಿ ಮುಳಿಹುಲ್ಲು ಮಾತ್ರ ಉಳಿಯುತ್ತದೆ, ಅಷ್ಟರೊಳಗೆ ಬನ್ನಿ. ಬೆಳಗ್ಗೆಯೇ ಒಳ್ಳೆಯದು. ಮಕ್ಕಳನ್ನೂ ಕರೆತನ್ನಿ. ಚಪ್ಪಲಿಯನ್ನು ರಸ್ತೆಯ ಬದಿಯಲ್ಲೇ ಬಿಡಿ. ಭೂತಗನ್ನಡಿ ನನ್ನ ಹತ್ತಿರ ಇದೆ, ಕೊಡುತ್ತೇನೆ.