ಶೇಂಗಾ ಹಿಂಡಿಗೆ ಬಂದೂಕಿನ ಅಳತೆ

ನಮ್ಮ ಮನೆಯಲ್ಲಿ ಬಂದೂಕು ಇಲ್ಲ. ನಾನು ಒಂದನ್ನೂ ಮುಟ್ಟಿದವನಲ್ಲ. ಆದರೆ ಕಳೆದ ಏಪ್ರಿಲ್‌ನಿಂದ ನನ್ನ ಮೊಬೈಲಿನಲ್ಲಿ ಯೂಟ್ಯೂಬ್ ತೆರೆದರೆ ಸಾಕು, ಅಮೆರಿಕದ ಗಡ್ಡದ ಗಂಡಸರು ಖಾಲಿ ತೋಟಾಗಳನ್ನು ಸಾಲಾಗಿ ನಿಲ್ಲಿಸಿಕೊಂಡು ನಗುತ್ತಿರುತ್ತಾರೆ. ಒಂದು ಸಲ ಮಗ ಹಿಂದಿನಿಂದ ಇಣುಕಿ ನೋಡಿದ. "ಪಪ್ಪಾ, ಆಫೀಸಿನ್ಯಾಗ ಯಾರ ಜೊತೀಗಿ ಜಗಳ ಆಗ್ಯಾದೇನು?" ಅಂತ ಮೆಲ್ಲಗೆ ಕೇಳಿದ.

ಜಗಳ ಅಲ್ಲ, ಶೇಂಗಾ ಹಿಂಡಿ.

ನಮ್ಮ ಕಡೆ ಹಿಂಡಿ ಅಂದರೆ ಚಟ್ನಿಪುಡಿ. ಮೈಸೂರಿನ ಗೆಳೆಯನೊಬ್ಬ "ಹಿಂಡಿ ದನಕ್ಕೆ ಹಾಕೋದಲ್ವಾ?" ಅಂದಿದ್ದ. ಜೋಳದ ರೊಟ್ಟಿ, ಮೊಸರಿನ ಜೊತೆ ಎರಡು ಸಲ ಹಾಕಿಸಿಕೊಂಡ ಮೇಲೆ ಆ ಮಾತನ್ನು ವಾಪಸ್ ತಗೊಂಡ. ನಮ್ಮಲ್ಲಿ ಅವ್ವ ಹಿಂಡಿ ಮಾಡುತ್ತಾಳೆ, ಮನೆಯಾಕೆ ಮಾರುತ್ತಾಳೆ, ನಾನು ಸ್ಕೂಟರ್ ಓಡಿಸುತ್ತೇನೆ. ಎರಡು ವರ್ಷದಿಂದ ಕಲಬುರಗಿಯ ನಾಲ್ಕಾರು ಅಂಗಡಿಗಳಿಗೆ ನಮ್ಮ 100 ಗ್ರಾಂ ಪ್ಯಾಕೆಟ್ ಹೋಗುತ್ತಿದೆ. ಎಲ್ಲ ಸುಸೂತ್ರವಾಗಿತ್ತು, ನಾನು ಸ್ಕೂಟರಿನ ಮೇಲೇ ಇರುವವರೆಗೆ.

ಏಪ್ರಿಲ್‌ನಲ್ಲಿ ಒಂದು ಮದುವೆಯ ಆರ್ಡರ್ ಬಂತು. ಬಂದವರಿಗೆಲ್ಲ ಕೊಡಲಿಕ್ಕೆ 300 ಪ್ಯಾಕೆಟ್. ಶೇಂಗಾ, ಅಗಸಿ, ಪುಟಾಣಿ (ಹುರಿಗಡಲೆ) ತಲಾ ನೂರು. ಅವ್ವ ಒಂದು ಹಿತ್ತಾಳೆ ಬಟ್ಟಲಿನಿಂದ ತುಂಬುತ್ತಾಳೆ, ಮನೆಯಾಕೆ ಸೀಲ್ ಮಾಡುತ್ತಾಳೆ. ಒಂದಕ್ಕೆ ಒಂದೂವರೆ ನಿಮಿಷ ಅಂದರೂ 300ಕ್ಕೆ ಏಳೂವರೆ ತಾಸು. ನಾನು ಗಂಟಲು ಸರಿ ಮಾಡಿಕೊಂಡು, "ಇದಕ್ಕ ಒಂದ್ ಮಷೀನ್ ಬೇಕು" ಅಂದೆ. ಮನೆಯಾಕೆ ತಲೆ ಎತ್ತಲಿಲ್ಲ. ಹಿಂದೆ ನಾನು ತಂದ ರೊಟ್ಟಿ ಮಷೀನು ಅಟ್ಟದ ಮೇಲೆ ಇದೆ.

ರಾತ್ರಿ ಮೊಬೈಲಿನಲ್ಲಿ "ಪೌಡರ್ ಮೆಜರ್" ಅಂತ ಹುಡುಕಿದೆ. ನನ್ನ ಮನಸ್ಸಿನಲ್ಲಿದ್ದ ಪೌಡರ್ ಬೇರೆ, ಯೂಟ್ಯೂಬಿನ ಮನಸ್ಸಿನಲ್ಲಿದ್ದ ಪೌಡರ್ ಬೇರೆ. ಅಮೆರಿಕದಲ್ಲಿ ಗುರಿ ಹೊಡೆಯುವ ಹವ್ಯಾಸದವರು ಹಾರಿಸಿ ಖಾಲಿಯಾದ ತೋಟಾವನ್ನು ಎಸೆಯುವುದಿಲ್ಲವಂತೆ. ಮನೆಯಲ್ಲೇ ಮತ್ತೆ ಮದ್ದು ತುಂಬಿ, ಗುಂಡು ಕೂರಿಸಿ ಹೊಸದು ಮಾಡಿಕೊಳ್ಳುತ್ತಾರೆ. ಮದ್ದು ಅಳೆಯುವ ಯಂತ್ರಕ್ಕೇ ಪೌಡರ್ ಮೆಜರ್ ಅಂತ ಹೆಸರು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಿದರೆ 1959ರ ಆರ್ಮ್ಸ್ ಆಕ್ಟ್ ಮನೆ ಬಾಗಿಲಿಗೆ ಬರುತ್ತದೆ. ಆದರೆ ನೋಡುವುದಕ್ಕೆ ಲೈಸೆನ್ಸ್ ಬೇಡ. ಎರಡು ರಾತ್ರಿ ನೋಡಿದೆ.

ಯಂತ್ರ ಬಲು ಸರಳ. ಮೇಲೆ ಮದ್ದು ಸುರಿಯುವ ಕೊಳವೆ. ಕೆಳಗೆ ಒಂದು ಉರುಳೆ, ಅದರಲ್ಲೊಂದು ಕುಳಿ. ಹಿಡಿಕೆ ಎತ್ತಿದರೆ ಕುಳಿ ಮೇಲೆ ತಿರುಗಿ ತುಂಬಿಕೊಳ್ಳುತ್ತದೆ, ಇಳಿಸಿದರೆ ಕೆಳಗೆ ತಿರುಗಿ ಸುರಿಯುತ್ತದೆ. ಕುಳಿ ಎಷ್ಟು ಆಳ ಇರಬೇಕು ಅನ್ನುವುದಕ್ಕೆ ಒಂದು ತಿರುಪು. ಅಂದರೆ ಅದು ತೂಗುವುದಿಲ್ಲ, ಅಳೆಯುತ್ತದೆ. ನಮ್ಮಜ್ಜಿ ಜೋಳ ಅಳೆಯುತ್ತಿದ್ದ ಸೇರು, ಪಾವಿನ ಜಾತಿಯದೇ. ತೂಕ ಸರಿ ಇದೆಯೋ ಇಲ್ಲವೋ ಅಂತ ತಕ್ಕಡಿಯಲ್ಲಿ ಬೇರೆ ನೋಡಬೇಕು. ಅವರ ತಕ್ಕಡಿ ಗ್ರಾಂ ತೋರಿಸುವುದಿಲ್ಲ, ಗ್ರೇನ್ ತೋರಿಸುತ್ತದೆ. ಗ್ರೇನ್ ಅಂದರೆ ಕಾಳು. ಒಂದು ಪೌಂಡಿಗೆ 7,000 ಕಾಳು, ಒಂದು ಕಾಳಿಗೆ ಸುಮಾರು ಗ್ರಾಮಿನ ಹದಿನೈದನೇ ಒಂದು ಭಾಗ. ನಮ್ಮ ಅಕ್ಕಸಾಲಿಗರು ಗುಲಗಂಜಿ ಇಟ್ಟು ಬಂಗಾರ ತೂಗಿದ ಹಾಗೆ.

ಆ ಗಡ್ಡದವರ ಶಿಸ್ತು ಮಾತ್ರ ಮೆಚ್ಚಬೇಕು. ಹಿಡಿಕೆಯನ್ನು ಪ್ರತಿ ಸಲ ಅದೇ ವೇಗದಲ್ಲಿ, ಅದೇ ಬಲದಲ್ಲಿ ಎತ್ತಿ ಇಳಿಸಬೇಕು. ಕೊಳವೆಯಲ್ಲಿ ಮದ್ದು ತೀರಾ ಇಳಿಯಲು ಬಿಡಬಾರದು. ಮೇಲಿನ ಭಾರ ನೇರ ಕುಳಿಯ ಮೇಲೆ ಬೀಳದಂತೆ ನಡುವೆ ಒಂದು ತೂತಿನ ತಗಡು ಇಡಬೇಕು. ಶುರುವಿನ ಹತ್ತು ಅಳತೆ ನೆಚ್ಚಬಾರದು, ವಾಪಸ್ ಸುರಿಯಬೇಕು. ಆಮೇಲೆ ಹತ್ತು ಅಳತೆ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಬೇಕು. ಕೊನೆಗೆ ಬ್ಯಾಟರಿ ಹಿಡಿದು ಪ್ರತಿ ತೋಟಾದೊಳಗೆ ಇಣುಕಬೇಕು. ಒಂದರಲ್ಲಿ ಎರಡು ಅಳತೆ ಬಿದ್ದರೆ ಬಂದೂಕು ಸಿಡಿಯುತ್ತದೆ. ಒಂದರಲ್ಲಿ ಏನೂ ಬೀಳದಿದ್ದರೆ ಗುಂಡು ನಳಿಕೆಯಲ್ಲೇ ಸಿಕ್ಕಿಕೊಳ್ಳುತ್ತದೆ.

ಇಷ್ಟು ಶಿಸ್ತು ಯಾಕೆ ಅಂತ ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಬೀದರಿಗೆ ಹೋಗಿ ಮಹಮೂದ್ ಗವಾನ್ ಮದರಸಾ ನೋಡಿ. 1472ರಲ್ಲಿ ಕಟ್ಟಿದ್ದು. ಔರಂಗಜೇಬನ ಕಾಲದಲ್ಲಿ ಒಳಗಿಟ್ಟ ಮದ್ದು ಸಿಡಿದು ಒಂದು ಭಾಗ ಹಾರಿಹೋಯಿತು ಅನ್ನುತ್ತಾರೆ. ಎರಡು ಮಿನಾರುಗಳಲ್ಲಿ ಒಂದು ಇವತ್ತಿಗೂ ಇಲ್ಲ. ಅಂಥ ಮದ್ದನ್ನೇ ಅಳೆಯುವ ಯಂತ್ರ ಹಿಂಡಿ ಅಳೆಯದೇ?

ಕಪನೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಪ್ಯಾಕಿಂಗ್ ಮಷೀನ್ ನೋಡಿ ಬಂದೆ. ಕೊಳವೆಯೊಳಗೆ ಸ್ಕ್ರೂ ತಿರುಗಿ ಪುಡಿಯನ್ನು ಕೆಳಗೆ ದೂಡುವಂಥದ್ದು. ರೇಟ್ ಕೇಳಿ ಅವರು ಕೊಟ್ಟ ಚಹಾವನ್ನೂ ಪೂರ್ತಿ ಕುಡಿಯದೆ ಎದ್ದೆ. ಆಮೇಲೆ ಹುಮನಾಬಾದ್ ಬೇಸ್ ಹತ್ತಿರದ ಲೇತ್ ಮಿಸ್ತ್ರಿಯ ಬಳಿ ಹೋದೆ. ಮೊಬೈಲಿನಲ್ಲಿ ಫೋಟೋ ತೋರಿಸಿ, ಇದನ್ನೇ ಹತ್ತುಪಟ್ಟು ದೊಡ್ಡದಾಗಿ, ಸ್ಟೀಲಿನಲ್ಲಿ ಮಾಡಿಕೊಡು ಅಂದೆ. ಮಿಸ್ತ್ರಿ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿದ. ಹಿಂದೆ ಗೋಡೆಗೆ ಒರಗಿಸಿದ್ದ ಬಂದೂಕು ಕಂಡಿತು.

"ಸರ್, ಇದು ಏನ್ ತುಂಬ್ಸೋದು?"

"ಹಿಂಡಿ."

ಮಿಸ್ತ್ರಿ ನನ್ನ ಮುಖ ನೋಡಿದ. ಫೋಟೋ ನೋಡಿದ. "ಅಡ್ವಾನ್ಸ್ ಪೂರಾ ಕೊಡ್ರಿ ಸರ್" ಅಂದ. ಮಾರನೇ ವಾರ ತರಲು ಹೋದಾಗ ಆಧಾರ್ ಕಾರ್ಡಿನ ಜೆರಾಕ್ಸ್ ಕೂಡ ಕೇಳಿದ. ಕೊಟ್ಟೆ.

ಯಂತ್ರವನ್ನು ಎಲ್ಲಿ ಕೂರಿಸುವುದು ಅನ್ನುವುದೇ ಅರ್ಧ ದಿನದ ಕೆಲಸವಾಯಿತು. ಅಡುಗೆ ಕಟ್ಟೆಯ ಗ್ರಾನೈಟಿಗೆ ಕ್ಲಾಂಪ್ ಹಿಡಿಯಲಿಲ್ಲ. ಊಟದ ಟೇಬಲ್ಲಿಗೆ ಹಿಡಿಯಿತು, ಆದರೆ ಹಿಡಿಕೆ ಎತ್ತಿದಾಗೆಲ್ಲ ಟೇಬಲ್ಲು ಒಂದು ಹೆಜ್ಜೆ ಮುಂದಕ್ಕೆ ಬರುತ್ತಿತ್ತು. ಹನ್ನೊಂದು ಪ್ಯಾಕೆಟ್ ಆಗುವಷ್ಟರಲ್ಲಿ ಫ್ರಿಜ್ ದಾಟಿತ್ತು. ಕೊನೆಗೆ ಮಗನನ್ನು ಟೇಬಲ್ಲಿನ ಮೇಲೆ ಕೂರಿಸಿದೆ.

ಆಮೇಲೆ ತಕ್ಕಡಿ. ಬಂಗಾರದಂಗಡಿಯವರು ಇಡುವಂಥದ್ದು, 0.01 ಗ್ರಾಂ ತೋರಿಸುವಂಥದ್ದೇ ತರಿಸಿದ್ದೆ. ಯಾಕೆ ಅಷ್ಟು ಸಣ್ಣದು ಅಂತ ಕೇಳಬೇಡಿ, ಗಡ್ಡದವರು ಇಟ್ಟಿದ್ದರು. ಕಿರಾಣಿ ಅಂಗಡಿಯ ಕಾಕಾನ ಹತ್ತಿರ ಮುದ್ರೆ ಒತ್ತಿದ 100 ಗ್ರಾಂ ತೂಕದ ಬಟ್ಟು ಇಸಕೊಂಡು ಬಂದು ಇಟ್ಟು ನೋಡಿದರೆ 98.71. ಒಂದು ಕ್ಷಣ ಕಾಕಾನ ಮೇಲೇ ಅನುಮಾನ ಬಂತು. ಇಪ್ಪತ್ತು ವರ್ಷದ ಖಾತೆ ಇದೆ ಅವನ ಹತ್ತಿರ! ನಿಜ ಏನೆಂದರೆ ನಾನು ತಕ್ಕಡಿಯನ್ನು ನೆಲದ ಶಹಾಬಾದ್ ಪರಸಿಯ ಮೇಲೆ ಇಟ್ಟಿದ್ದೆ. ನಮ್ಮ ಪರಸಿ ಕಾಲಿಗೆ ತಂಪು, ಕಣ್ಣಿಗೆ ಚೆಂದ, ಸಪಾಟು ಮಾತ್ರ ಅಲ್ಲ. ತಕ್ಕಡಿಯ ಕಾಲಿನ ಕೆಳಗೆ ಪೋಸ್ಟ್‌ಕಾರ್ಡ್ ಮಡಚಿ ಇಟ್ಟಾಗ 99.98ಕ್ಕೆ ಬಂತು. ಆದರೂ ನಿಲ್ಲಲಿಲ್ಲ. ಮೇಲಕ್ಕೂ ಕೆಳಕ್ಕೂ ಓಡಾಡುತ್ತಿತ್ತು. ಫ್ಯಾನ್ ಗಾಳಿ.

ಫ್ಯಾನ್ ಬಂದ್ ಮಾಡಿಸಿದೆ. ಕಿಟಕಿ ಹಾಕಿಸಿದೆ. ಏಪ್ರಿಲ್ ಕೊನೆಯ ಕಲಬುರಗಿ, ಹೊರಗೆ 42 ಡಿಗ್ರಿ, ಒಳಗೆ ಬ್ಯಾಡಗಿ ಮೆಣಸಿನಪುಡಿಯ ಘಾಟು. ಮನೆಯಾಕೆ ಸೆರಗಿನಿಂದ ಗಾಳಿ ಹಾಕಿಕೊಳ್ಳಲು ಹೋದಳು. "ಏ, ಗಾಳಿ ಹಾಕಬ್ಯಾಡ" ಅಂದೆ. ಆಮೇಲೆ ಆಕೆ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ಕುಳಿಯನ್ನು ಎಷ್ಟಕ್ಕೆ ಹೊಂದಿಸಬೇಕು ಅನ್ನುವುದಕ್ಕೆ ನಮೂನೆ ಬೇಕಲ್ಲ, ಅವ್ವ ಬಟ್ಟಲಿನಿಂದ ತುಂಬಿಟ್ಟಿದ್ದ ಒಂದು ಪ್ಯಾಕೆಟ್ ಬಿಚ್ಚಿ ತೂಗಿದೆ. 112 ಗ್ರಾಂ. ಇನ್ನೊಂದು 113. ಮತ್ತೊಂದು 112. ಹತ್ತು ತೂಗಿದೆ. ಯಾವುದೂ 111ಕ್ಕಿಂತ ಕಡಿಮೆ ಇಲ್ಲ, 113ಕ್ಕಿಂತ ಜಾಸ್ತಿ ಇಲ್ಲ.

ಇದರಲ್ಲಿ ಎರಡು ಸುದ್ದಿ ಇತ್ತು. ನನಗೆ ಕಂಡದ್ದು ಒಂದು: ಎಪ್ಪತ್ತೊಂದು ವರ್ಷದ ಕೈ, ತಕ್ಕಡಿ ಇಲ್ಲದೆ, ಎರಡು ಗ್ರಾಮಿನ ಹೆಚ್ಚುಕಡಿಮೆಯಲ್ಲಿ ಹತ್ತು ಪ್ಯಾಕೆಟ್ ತುಂಬಿದೆ. ಗಡ್ಡದವರು ಕಂಡರೆ ಕಾಲಿಗೆ ಬೀಳುತ್ತಿದ್ದರು. ಮನೆಯಾಕೆಗೆ ಕಂಡದ್ದು ಇನ್ನೊಂದು: "ಅಂದ್ರ ನೂರು ಪ್ಯಾಕೆಟ್ಟಿಗೆ ಹನ್ನೆರಡು ಪ್ಯಾಕೆಟ್ ಫುಕಟ್! ಎರಡು ವರ್ಷದಿಂದ!" ಆಕೆ ಕ್ಯಾಲ್ಕುಲೇಟರ್ ತಂದಳು. ಒತ್ತುತ್ತಾ ಹೋದ ಹಾಗೆ ಮುಖ ಕೆಂಪಾಗುತ್ತಾ ಹೋಯಿತು. ಅತ್ತೆಗೆ ಏನೂ ಅನ್ನುವ ಹಾಗಿಲ್ಲ. ನನಗೆ ಅಂದಳು.

ಅವ್ವ ಆರಾಮಾಗಿ ಶೇಂಗಾ ಸಿಪ್ಪೆ ಕೇರುತ್ತಾ ಕೂತಿದ್ದಳು. "ಕೊಸರು ಬ್ಯಾಡೇನು? ತಗೊಂಡವರ ಮನಸ್ಸು ತುಂಬಬೇಕಲ್ಲ" ಅಂದಳು.

ಪ್ಯಾಕೆಟ್ಟಿನ ಕಾನೂನು ನನಗೆ ಗೊತ್ತಿತ್ತು. 2011ರ ಲೀಗಲ್ ಮೆಟ್ರಾಲಜಿ ನಿಯಮದ ಪ್ರಕಾರ 100 ಗ್ರಾಂ ಪ್ಯಾಕೆಟ್ಟಿನಲ್ಲಿ ಒಂದೊಂದು 4.5 ಗ್ರಾಂ ತನಕ ಕಡಿಮೆ ಬಂದರೂ ನಡೆಯುತ್ತದೆ, ಸರಾಸರಿ ಮಾತ್ರ ಬರೆದದ್ದಕ್ಕಿಂತ ಇಳಿಯಬಾರದು. ಎಷ್ಟು ಜಾಸ್ತಿ ಕೊಟ್ಟೆ ಅಂತ ಯಾವ ಇನ್ಸ್‌ಪೆಕ್ಟರೂ ಕೇಸು ಹಾಕುವುದಿಲ್ಲ. ಅದಕ್ಕೆ ಸೊಸೆಯಂದಿರು ಇದ್ದಾರೆ.

ಯಂತ್ರಕ್ಕೆ ಮೊದಲು ಪುಟಾಣಿ ಹಿಂಡಿ ಸುರಿದೆ. ಅದು ಒಣ ಪುಡಿ. ಹಿಡಿಕೆ ಎತ್ತಿ ಇಳಿಸಿದೆ. ಪುಸಕ್ ಅಂತ ಪ್ಯಾಕೆಟ್ಟಿಗೆ ಬಿತ್ತು. ನಾನು "ಒಂದು" ಅಂದೆ. ಅವ್ವ ಸಿಟ್ಟಾದಳು. "ಲಾಭ ಅನ್ನು!" ನಿಜವೇ, ನಮ್ಮಲ್ಲಿ ಅಳೆಯುವಾಗ ಒಂದು ಅನ್ನುವುದಿಲ್ಲ, ಲಾಭ, ಎರಡು, ಮೂರು ಅಂತಲೇ ಎಣಿಸುವುದು. ತಪ್ಪಾಯ್ತು ಅಂತ "ಲಾಭ" ಅಂದು, ನಿಯಮದ ಪ್ರಕಾರ ಅದನ್ನು ವಾಪಸ್ ಕೊಳವೆಗೆ ಸುರಿಯಲು ಹೋದೆ. ಅವ್ವ ಸಿಪ್ಪೆಯ ಮೊರ ಕೆಳಗಿಟ್ಟು ಎದ್ದೇ ಬಂದಳು. "ಲಾಭ ಯಾರರ ವಾಪಸ್ ಸುರೀತಾರೇನೋ!" ಹತ್ತು ಸಲ ಸುರಿಯಬೇಕು ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ. ಮೊದಲನೆಯದನ್ನು ದೇವರ ಮುಂದಿಟ್ಟು ಉಳಿದ ಒಂಬತ್ತನ್ನು ಸುರಿದೆ.

ಆಮೇಲೆ ಪುಟಾಣಿ ಚೆನ್ನಾಗೇ ನಡೆಯಿತು. 99, 101, 100, 102. ನಾನು ಶಿಳ್ಳೆ ಹಾಕಿದೆ. ಪುಟಾಣಿ ಮುಗಿಯಿತು, ಅಗಸಿ ಸ್ವಲ್ಪ ತಡವರಿಸಿ ಮುಗಿಯಿತು. ಶೇಂಗಾಕ್ಕೆ ಬಂದೆ.

ಶೇಂಗಾದಲ್ಲಿ ಎಣ್ಣೆ ಇದೆ ಅನ್ನುವುದು ಮೂರು ವರ್ಷದ ಮಗುವಿಗೂ ಗೊತ್ತು. ಬೇಸಿಗೆಯಲ್ಲಿ, ಫ್ಯಾನ್ ಇಲ್ಲದ ಕೋಣೆಯಲ್ಲಿ ಆ ಎಣ್ಣೆ ಹೊರಗೆ ಬಂದು ಹಿಂಡಿ ಒಂದಕ್ಕೊಂದು ಕೈ ಹಿಡಿದುಕೊಳ್ಳುತ್ತದೆ ಅನ್ನುವುದು ನನಗೆ ಆವತ್ತು ಗೊತ್ತಾಯಿತು. ಎರಡು ಸಲ ಬಿತ್ತು. ಮೂರನೇ ಸಲ ಬರೀ ಹಿಡಿಕೆಯ ಸಪ್ಪಳ. ಮೇಲೆ ಕೊಳವೆ ತುಂಬ ಹಿಂಡಿ ಇದೆ, ಕೆಳಗೆ ಏನೂ ಇಲ್ಲ. ಬ್ಯಾಟರಿ ಹಿಡಿದು ಕೆಳಗಿನಿಂದ ಇಣುಕಿದೆ. ಆ ತೂತಿನ ತಗಡಿನ ಮೇಲೆ ಹಿಂಡಿ ಚೊಕ್ಕವಾಗಿ ಕಮಾನು ಕಟ್ಟಿ ನಿಂತಿತ್ತು. ನಮ್ಮ ಕೋಟೆಯಲ್ಲಿ 1367ರ ಜಾಮಾ ಮಸೀದಿ ಇದೆಯಲ್ಲ, ಒಳಗೆ ಸಾಲು ಸಾಲು ಕಮಾನು, ಅದರ ಪಕ್ಕ ನಿಲ್ಲಿಸಬಹುದಿತ್ತು. ಗಾರೆ ಇಲ್ಲ, ಕಲ್ಲಿಲ್ಲ, ಶೇಂಗಾ ಮತ್ತು ಬೆಳ್ಳುಳ್ಳಿ ಅಷ್ಟೇ.

ಲಟ್ಟಣಿಗೆಯಿಂದ ಕೊಳವೆಗೆ ಮೆಲ್ಲಗೆ ಒಂದು ಏಟು ಕೊಟ್ಟೆ. ಏನಾಗಲಿಲ್ಲ. ಇನ್ನೊಂದು. ಮೂರನೆಯದಕ್ಕೆ ಕಮಾನು, ತಗಡು, ಮೇಲಿದ್ದ ಎರಡು ಕೆಜಿ ಎಲ್ಲ ಒಟ್ಟಿಗೆ ಇಳಿಯಿತು. ಹಿಂಡಿ ತಕ್ಕಡಿಯ ಮೇಲೆ ಬಿತ್ತು, ಟೇಬಲ್ಲಿನ ಮೇಲೆ ಕೂತಿದ್ದ ಮಗನ ತೊಡೆಯ ಮೇಲೆ ಬಿತ್ತು, ಸ್ವಲ್ಪ ಪ್ಯಾಕೆಟ್ಟಿಗೂ ಬಿತ್ತು. ಘಾಟಿಗೆ ಎಲ್ಲರೂ ಸೀನುತ್ತಾ ಕಿಟಕಿ ತೆರೆದೆವು. ಮನೆಯಾಕೆ ಒಂದೂ ಮಾತಾಡದೆ ಫ್ಯಾನ್ ಸ್ವಿಚ್ ಒತ್ತಿದಳು. ಅದು ತಪ್ಪಾಯಿತು.

ರಾತ್ರಿ ಹನ್ನೊಂದಕ್ಕೆ ಅವ್ವನ ಬಟ್ಟಲಿನಿಂದಲೇ ಶೇಂಗಾ ಮುಗಿಸಿದೆವು. ಮಾರನೇ ದಿನ ಸ್ಕೂಟರಿನ ಮೇಲೆ 300 ಪ್ಯಾಕೆಟ್ ಮುಟ್ಟಿಸಿ ಬಂದೆ. ಮೂರನೇ ದಿನ ಮದುವೆ ಮನೆಯಿಂದ ಫೋನ್ ಬಂತು. ಬೀಗರ ಕಡೆಯ ಹಿರಿಯರೊಬ್ಬರಿಗೆ ಸಿಕ್ಕ ಪುಟಾಣಿ ಪ್ಯಾಕೆಟ್ಟಿನಲ್ಲಿ ಲೇಬಲ್ ಇದೆ, ಸೀಲ್ ಇದೆ, ದರ ಇದೆ, ಹಿಂಡಿ ಇಲ್ಲ. ಗಾಳಿ ತುಂಬಿ ಉಬ್ಬಿದೆ. ಶಿಳ್ಳೆ ಹಾಕುವ ಭರದಲ್ಲಿ ನಾನು ಬ್ಯಾಟರಿ ಹಿಡಿದು ಇಣುಕುವುದನ್ನೇ ಮರೆತಿದ್ದೆ. ನನ್ನ ಪುಣ್ಯ, ನಳಿಕೆಯಲ್ಲಿ ಗುಂಡು ಸಿಕ್ಕಿಕೊಳ್ಳಲಿಲ್ಲ, ಬೀಗರ ಮಾತು ಮಾತ್ರ ಸಿಕ್ಕಿಕೊಂಡಿತು. ಅರ್ಧ ಕೆಜಿ ಹಿಂಡಿ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ ಕೊಟ್ಟು, ಕೈ ಮುಗಿದು ಬಂದೆ.

ಈಗ ಪುಟಾಣಿಗೆ, ಅಗಸಿಗೆ ಯಂತ್ರ. ಶೇಂಗಾಕ್ಕೆ ಬಟ್ಟಲು. ಆದರೆ ಆ ಹನ್ನೆರಡು ಗ್ರಾಂ ಮನೆಯಾಕೆಯ ನಿದ್ದೆಯಿಂದ ಹೋಗಿರಲಿಲ್ಲ. ಆಕೆಯೇ ಬಟ್ಟಲನ್ನು ಮಿಸ್ತ್ರಿಯ ಹತ್ತಿರ ಕಳಿಸಿ, ಒಳಗೆ ತಳಕ್ಕೆ ಒಂದು ತೆಳ್ಳನೆಯ ಬಿಲ್ಲೆ ಕೂರಿಸಿ ತರಿಸಿದಳು. ಮಿಸ್ತ್ರಿ ಈ ಸಲ ಆಧಾರ್ ಕೇಳಲಿಲ್ಲ. ಮನೆಗೆ ತಂದು ತುಂಬಿ, ಮೇಲೆ ಚಾಕು ಎಳೆದು ಸಪಾಟು ಮಾಡಿ ತೂಗಿದೆ. ಸರಿಯಾಗಿ 100 ಗ್ರಾಂ. ಗಡ್ಡದವರ ತಿರುಪಿಗೂ ಇಷ್ಟು ಚೊಕ್ಕ ಬರುತ್ತಿರಲಿಲ್ಲ.

ಅವ್ವನಿಗೆ ಹೇಳಲಿಲ್ಲ. ಆಕೆ ಬಟ್ಟಲನ್ನು ಕೈಯಲ್ಲಿ ಹಿಡಿದಳು. ಒಳಗೆ ನೋಡಲಿಲ್ಲ, ಸುಮ್ನೆ ಒಂದು ಸಲ ಮೇಲೆ ಕೆಳಗೆ ತೂಗಿದಳು. ಹಿಂಡಿಯಲ್ಲಿ ಅದ್ದಿ ಎತ್ತಿದಳು. ಮೇಲೆ ಗೋಪುರ ನಿಂತಿತ್ತು. "ಲಾಭ" ಅಂತ ಪ್ಯಾಕೆಟ್ಟಿಗೆ ಸುರಿದಳು.

ಆಕೆ ಒಳಗೆ ಹೋದ ಮೇಲೆ ತೂಗಿದೆ. 112.