ಸದ್ಯ, ಇವತ್ತು ಗ್ಯಾಸ್ಕೆಟ್ ಸೋರಲಿಲ್ಲ!

ಪರದೇಶದ ಮಿಷನ್ ಆಸ್ಪತ್ರೆಗೆ ಹೊಸದಾಗಿ ಬಂದ ವೈದ್ಯ ದಂಪತಿಯ ಮನೆಯಲ್ಲಿ ಮೊದಲ ತಿಂಗಳ ರಾತ್ರಿಯ ಕೃತಜ್ಞತಾ ಪ್ರಾರ್ಥನೆ ಸಗಟು ವ್ಯಾಪಾರದ ಥರ: "ಎಲ್ಲದಕ್ಕೂ ಸ್ತೋತ್ರ, ಆಮೆನ್." ಆರು ತಿಂಗಳು ಕಳೆಯಲಿ, ಚಿಲ್ಲರೆ ಲೆಕ್ಕ ಶುರುವಾಗುತ್ತದೆ. "ಆಟೋಕ್ಲೇವ್ ಗ್ಯಾಸ್ಕೆಟ್ ಸೋರಲಿಲ್ಲ, ಸ್ತೋತ್ರ. ಸಿಸೇರಿಯನ್ ನಡುವೆ ಜನರೇಟರ್ ನಿಲ್ಲಲಿಲ್ಲ, ಸ್ತೋತ್ರ. ಚಿಕ್ಕವನು ಲಸಿಕೆ ಫ್ರಿಜ್ಜಿನಲ್ಲಿ ಜ್ಯೂಸ್ ಬಾಟಲಿ ಇಡಲಿಲ್ಲ, ವಿಶೇಷ ಸ್ತೋತ್ರ." ಇದನ್ನು ಭಕ್ತಿ ಹೆಚ್ಚಿದ ಲಕ್ಷಣ ಅಂದುಕೊಳ್ಳಬೇಡಿ. ಯಾವ ವಸ್ತು ಯಾವಾಗ ಕೈಕೊಡುತ್ತದೆ ಅನ್ನುವುದು ತಿಳಿದುಬಂದಿದೆ, ಅಷ್ಟೆ. ಬೀಸೋ ದೊಣ್ಣೆಯ ಉದ್ದ ಕಂಡವನಿಗೇ ಅದು ತಪ್ಪಿದ್ದರ ಬೆಲೆ ಗೊತ್ತು.

ಆಟೋಕ್ಲೇವನ್ನೇ ನೋಡಿ. ಶಸ್ತ್ರಚಿಕಿತ್ಸೆಯ ಬಟ್ಟೆ, ಉಪಕರಣಗಳನ್ನು ಆವಿಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವ ದೊಡ್ಡ ಕುಕ್ಕರ್ ಅದು. ಬಟ್ಟೆ ಸುತ್ತಿದ ಕಟ್ಟುಗಳಿಗೆ 121 ಡಿಗ್ರಿ, ಚದರ ಇಂಚಿಗೆ 15 ಪೌಂಡ್ ಒತ್ತಡ, 30 ನಿಮಿಷ. ಕೇಳಲು ಸಲೀಸು. ಆದರೆ ಆ 30 ನಿಮಿಷದ ಲೆಕ್ಕ ಹಿಡಿಯಬೇಕಾದದ್ದು ಉಷ್ಣತೆ 121 ಮುಟ್ಟಿದ ಮೇಲೆ. ಸ್ವಿಚ್ ಒತ್ತಿದ ಗಳಿಗೆಯಿಂದ ಎಣಿಸುವವರು ಪ್ರತಿ ಆಸ್ಪತ್ರೆಯಲ್ಲೂ ಒಬ್ಬರಿರುತ್ತಾರೆ. ಒಳಗಿನ ಗಾಳಿ ಪೂರ್ತಿ ಹೊರಹೋಗಿ ಆವಿ ಒಂದೇ ಸಮ ಬರುವ ತನಕ ಗಾಳಿಯ ಕವಾಟ ತೆರೆದಿರಬೇಕು. ಅವಸರಕ್ಕೆ ಮೊದಲೇ ಮುಚ್ಚಿದರೆ ಒತ್ತಡದ ಮುಳ್ಳು 15ರಲ್ಲಿ ಗಂಭೀರವಾಗಿ ನಿಂತಿರುತ್ತದೆ, ಉಷ್ಣತೆ ಮಾತ್ರ ಕೆಳಗೇ ಉಳಿದಿರುತ್ತದೆ. ಗಾಳಿ ಬೆರೆತ ಆವಿಗೆ ಅಷ್ಟು ಕಾವಿಲ್ಲ. "ಇನ್ನೊಂದು ಕಟ್ಟು ಹಿಡಿಸುತ್ತೆ ಬಿಡಿ ಡಾಕ್ಟ್ರೇ" ಅಂತ ಡ್ರಮ್ಮಿಗೆ ತುರುಕಿದರೆ ನಡುವಿನ ಗೌನುಗಳಿಗೆ ಆವಿ ತಲುಪುವುದೇ ಇಲ್ಲ. ಕಟ್ಟಿಗೆ ಅಂಟಿಸಿದ ಸೂಚಕ ಟೇಪಿನ ಮೇಲೆ ಕಪ್ಪು ಗೆರೆ ಮೂಡಿತಲ್ಲ ಎಂದು ನೆಮ್ಮದಿಪಡುವಂತೆಯೂ ಇಲ್ಲ. ಕಟ್ಟಿಗೆ ಬಿಸಿ ತಾಗಿದೆ ಎನ್ನುವುದಷ್ಟೇ ಆ ಗೆರೆಯ ಸಾಕ್ಷಿ, ಕ್ರಿಮಿ ಸತ್ತಿದೆಯೆಂದು ಅದು ಯಾವತ್ತೂ ಹೇಳಿಲ್ಲ. ಇಷ್ಟೆಲ್ಲ ಸರಿಯಾಗಿ ನಡೆದು 28ನೇ ನಿಮಿಷಕ್ಕೆ ಕರೆಂಟು ಹೋಗುತ್ತದೆ. 28ಕ್ಕೇ ಏಕೆ ಎಂಬುದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ. ಮತ್ತೆ ಸೊನ್ನೆಯಿಂದ ಎಣಿಸಬೇಕು. ಕೊನೆಗೆ ಕಟ್ಟುಗಳು ಒಣಗುವ ಮೊದಲೇ ಹೊರಗೆಳೆದರೆ ಒದ್ದೆ ಬಟ್ಟೆ ಹೊರಗಿನ ಕ್ರಿಮಿಗಳನ್ನು ಒಳಗೆ ಹೀರಿಕೊಂಡು ಎಲ್ಲ ಶ್ರಮವನ್ನೂ ತೊಳೆದುಬಿಡುತ್ತದೆ. ಹೀಗಿರುವಾಗ ಗರಿಗರಿ ಒಣಗಿದ ಒಂದು ಕಟ್ಟು ಕೈಗೆ ಬಂದರೆ ನರ್ಸ್ ಅದನ್ನು ಎದೆಗಪ್ಪಿಕೊಳ್ಳುವುದರಲ್ಲಿ ಆಶ್ಚರ್ಯವೇನು?

ದಾನವಾಗಿ ಬರುವ ಯಂತ್ರಗಳದ್ದು ಬೇರೆಯೇ ಪುರಾಣ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ ಕಸ್ಟಮ್ಸ್‌ನಲ್ಲಿ ಕೂತು ಕೂತು ಬಂದ ಪೆಟ್ಟಿಗೆ ತೆರೆದರೆ ರಕ್ತದ ಮಾದರಿಯನ್ನು ಗಿರಗಿರ ತಿರುಗಿಸುವ 110 ವೋಲ್ಟಿನ ಸೆಂಟ್ರಿಫ್ಯೂಜ್, ಗೋಡೆಯಲ್ಲಿ 230. ಹಾಗೇ ಚುಚ್ಚಿದವರಿಗೆ ಹೊಗೆ ಖಚಿತ. ಟ್ರಾನ್ಸ್‌ಫಾರ್ಮರ್ ಇಟ್ಟರೆ ವೋಲ್ಟೇಜ್ ಇಳಿಯುತ್ತದೆ, ಹರ್ಟ್ಸ್, ಅಂದರೆ ಕರೆಂಟಿನ ಆವರ್ತನ, ಬದಲಾಗುವುದಿಲ್ಲ. 60 ಹರ್ಟ್ಸಿಗೆ ಮಾಡಿದ ಮೋಟಾರು 50ರಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಏದುಸಿರು ಬಿಡುತ್ತಾ ಬಿಸಿಯಾಗುತ್ತದೆ. ಒಪ್ಪಿಕೊಳ್ಳುವ ಮುಂಚೆಯೇ ವೋಲ್ಟೇಜು, ಹರ್ಟ್ಸು, ಕೈಪಿಡಿ, ಬಿಡಿಭಾಗಗಳ ವಿಷಯ ಕೇಳಿಬಿಡುವುದು ಒಳ್ಳೆಯದು. ಔಷಧಿಗಳಾದರೆ ಬಂದಿಳಿದಾಗ ಕನಿಷ್ಠ ಒಂದು ವರ್ಷ ಆಯುಸ್ಸು ಉಳಿದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1996ರ ಮಾರ್ಗಸೂಚಿಯಲ್ಲೇ ಹೇಳಿದೆ. ಕೇಳಿದರೆ ದಾನಿಗಳಿಗೆ ಬೇಜಾರಾಗುತ್ತದೆ ಅನ್ನುವ ಸಂಕೋಚ ಬೇಡ. ಹೊಗೆ ಕಂಡರೆ ಇನ್ನೂ ಬೇಜಾರಾಗುತ್ತದೆ.

ಜ್ಯೂಸಿನ ವಿಷಯ ಹೇಳಿದೆನಲ್ಲ. ಬಹುತೇಕ ಲಸಿಕೆಗಳಿಗೆ 2ರಿಂದ 8 ಡಿಗ್ರಿ ಬೇಕು. ಬಿಸಿ ತಾಗೀತೆಂದು ಎಲ್ಲರೂ ಹೆದರುತ್ತಾರೆ. ಟೆಟನಸ್, ಹೆಪಟೈಟಿಸ್-ಬಿ ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ ಅನ್ನುವುದು ಮರೆತುಹೋಗಿ, ಅವನ್ನು ಫ್ರೀಜರಿನ ಪಕ್ಕಕ್ಕೇ ಒತ್ತಿಡುತ್ತಾರೆ. ಖಾಲಿ ಜಾಗದಲ್ಲಿ ನೀರಿನ ಬಾಟಲಿ ಇಟ್ಟರೆ ಕರೆಂಟು ಹೋದಾಗ ತಂಪು ಹಿಡಿದುಕೊಳ್ಳುತ್ತದೆ. ಜ್ಯೂಸೂ ನೀರೇ ತಾನೇ ಎಂಬುದು ಮಕ್ಕಳ ವಾದ. ಭೌತಶಾಸ್ತ್ರದ ಪ್ರಕಾರ ಅದು ಸರಿ. ಆದರೆ ನೀರಿನ ಬಾಟಲಿಗಾಗಿ ಯಾರೂ ದಿನಕ್ಕೆ ಹತ್ತು ಸಲ ಬಾಗಿಲು ತೆಗೆಯುವುದಿಲ್ಲ.

ಸಂಸಾರದ ನಿಜವಾದ ಪರೀಕ್ಷೆ ಸೊಳ್ಳೆಪರದೆಯೊಳಗೆ. ಮಲೇರಿಯ ಹರಡುವ ಸೊಳ್ಳೆಗೆ ರಾತ್ರಿಪಾಳಿ, ವೈದ್ಯರಿಗೂ ರಾತ್ರಿಪಾಳಿ. ಎರಡು ಗಂಟೆಗೆ ವಾರ್ಡಿನಿಂದ ಕರೆ ಬಂದು ಒಬ್ಬರು ಎದ್ದರೆ ಪರದೆ ತೆರೆಯುತ್ತದೆ, ಸೊಳ್ಳೆ ಒಳಗೆ ಬರುತ್ತದೆ, ಹಾಸಿಗೆಯಲ್ಲಿ ಉಳಿದವರು ಬೆಳಗಿನ ತನಕ ಚಪ್ಪಾಳೆ ತಟ್ಟುತ್ತಿರುತ್ತಾರೆ. ಮದುವೆ ಉಳಿಸುವ ಕ್ರಮ ಹೀಗೆ: ಇಳಿಯುವುದು ಒಂದೇ ಬದಿಯಿಂದ, ಇಳಿದವರು ಹೊರಗಿನಿಂದಲೇ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಹೋಗುವುದು, ವಾಪಸಾದಾಗ ಟಾರ್ಚಿನ ಬೆಳಕು ಹಾಯಿಸಿ ಮೂಲೆ ನೋಡುವುದು. ಗಂಡ ಹೆಂಡತಿ ಇಬ್ಬರೂ ವೈದ್ಯರಾದರೆ, ಇಬ್ಬರಿಗೂ ಒಟ್ಟಿಗೆ ಕರೆ ಬಂದಾಗ ಮಕ್ಕಳ ಹತ್ತಿರ ಮಲಗಲು ಯಾರು ಬರಬೇಕು ಎಂಬುದು ಹಗಲಲ್ಲೇ ತೀರ್ಮಾನವಾಗಿರಬೇಕು. ರಾತ್ರಿ ಎರಡಕ್ಕೆ ನಡೆಯುವ ಮಾತುಕತೆಯಿಂದ ಯಾವ ಸಂಸಾರಕ್ಕೂ ಒಳಿತಾಗಿಲ್ಲ.

ಮನೆ ಸೋರುತ್ತದೆ ಎಂದು ಗೊಣಗುವವರು ಆಫ್ರಿಕಕ್ಕೆ ಹೋದ ಮಿಷನ್ ವೈದ್ಯ ಆಲ್ಬರ್ಟ್ ಶ್ವೈಟ್ಜರ್ ಅವರನ್ನು ನೆನೆಯಬಹುದು. 1913ರಲ್ಲಿ ಈಗಿನ ಗಬಾನ್ ದೇಶದ ಲಾಂಬರೆನೆಯಲ್ಲಿ ಅವರ ಮೊದಲ ಕ್ಲಿನಿಕ್ ಕೋಳಿಗೂಡಾಗಿತ್ತು. ನನಗೆ ಹೆಚ್ಚು ಇಷ್ಟ ಪಾಲ್ ಬ್ರಾಂಡ್. 1946ರಲ್ಲಿ ವೆಲ್ಲೂರಿಗೆ ಬಂದ ಈ ಶಸ್ತ್ರವೈದ್ಯರಿಗೆ ಕುಷ್ಠರೋಗಿಗಳ ಬೆರಳುಗಳು ರಾತ್ರೋರಾತ್ರಿ ಮಾಯವಾಗುವುದು ಒಗಟಾಗಿತ್ತು. ನೋಡಿದರೆ ಇಲಿಗಳು! ಸ್ಪರ್ಶವಿಲ್ಲದ ಬೆರಳನ್ನು ಕಚ್ಚಿದರೂ ರೋಗಿಗೆ ಎಚ್ಚರವಿಲ್ಲ. ಪರಿಹಾರ: ರೋಗಿಗೊಂದು ಬೆಕ್ಕು. ನೋವೆನ್ನುವುದು ವರ ಎಂದು ಆಮೇಲೆ ಜೀವನಪೂರ್ತಿ ಹೇಳಿದವರು ಅವರು.

ಕೃತಜ್ಞತೆಯನ್ನು ಬರೆದಿಡುವುದಕ್ಕೂ ಪ್ರಯೋಗವೊಂದರ ಬೆಂಬಲವಿದೆ. 2003ರಲ್ಲಿ ಎಮ್ಮನ್ಸ್, ಮೆಕಲ್ಲೊ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನವೊಂದರಲ್ಲಿ ಒಂದು ಗುಂಪು 10 ವಾರ, ವಾರಕ್ಕೊಮ್ಮೆ, ಐದರವರೆಗೆ ಒಳ್ಳೆಯ ಸಂಗತಿ ಬರೆಯಿತು. ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಿತು. ಮೊದಲ ಗುಂಪಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದಿದ್ದರು. ಮಿಷನ್ ಆಸ್ಪತ್ರೆಯವರು ಎರಡನೇ ಗುಂಪಿಗೆ ಸೇರಿದ್ದರೆ ಕಾಗದ ಸಾಲುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಬರೆಯುವಾಗ "ಆರೋಗ್ಯ, ಕುಟುಂಬ, ಪ್ರಕೃತಿ" ಎಂದು ಬರೆದರೆ ಮೂರನೇ ವಾರಕ್ಕೆ ಪೆನ್ನು ಒಣಗುತ್ತದೆ. ಏನು ಕೆಡಬಹುದಿತ್ತು, ಯಾರು ಕೆಡದಂತೆ ನೋಡಿಕೊಂಡರು, ಹೆಸರು ಸಮೇತ ಬರೆಯಿರಿ: ಡೀಸೆಲ್ ಟ್ಯಾಂಕು ಸಂಜೆಯೇ ತುಂಬಿಸಿದವನು, ಪರದೆ ಸಿಕ್ಕಿಸಿ ಹೋದವಳು. ಬರೆದದ್ದನ್ನು ಅವರಿಗೂ ಹೇಳಿ. ಜನರೇಟರಿನವನಿಗೆ ಹೇಳುವುದಾದರೆ ಮೊದಲು ಯಂತ್ರ ನಿಲ್ಲಿಸಿ. ಆ ಸದ್ದಿನಲ್ಲಿ ಏನು ಹೇಳಿದರೂ ಅವನು ಡೀಸೆಲ್ ಮುಗಿಯಿತೆಂದೇ ತಿಳಿದು ಕ್ಯಾನು ಹಿಡಿದು ಓಡುತ್ತಾನೆ.