ತಕರಾರು ಇದ್ದಲ್ಲಿ 30 ದಿನದೊಳಗೆ ತಿಳಿಸತಕ್ಕದ್ದು

ಪೇಪರಿನ ಒಳಪುಟದ ಮೂಲೆಯಲ್ಲಿ ಒಂದು ನೋಟಿಸ್ ಬರುತ್ತದಲ್ಲ, ನೋಡಿರುತ್ತೀರಿ. ಷೆಡ್ಯೂಲ್ ಸ್ವತ್ತನ್ನು ನಮ್ಮ ಕಕ್ಷಿದಾರರು ಖರೀದಿಸಲಿದ್ದಾರೆ, ಯಾರದಾದರೂ ತಕರಾರು ಇದ್ದಲ್ಲಿ ಇಷ್ಟು ದಿನದೊಳಗೆ ದಾಖಲೆ ಸಮೇತ ತಿಳಿಸತಕ್ಕದ್ದು, ತಪ್ಪಿದಲ್ಲಿ ತಕರಾರು ಇಲ್ಲವೆಂದು ಭಾವಿಸಲಾಗುವುದು. ಕೆಳಗೆ ಚೆಕ್ಕುಬಂದಿ, ಅದರ ಕೆಳಗೆ ವಕೀಲರ ಹೆಸರು. ಯಾರೂ ಓದುವುದಿಲ್ಲ. ಓದಬಾರದು ಅಂತಲೇ ಅಷ್ಟು ಸಣ್ಣ ಅಕ್ಷರ.

ಅಮೆರಿಕ ಬೇರೆ ದೇಶಗಳಿಗೆ ಬಾಂಬು, ಕ್ಷಿಪಣಿ, ಯುದ್ಧವಿಮಾನ ಮಾರುವುದೂ ಹೀಗೇ. 1976ರ ಶಸ್ತ್ರಾಸ್ತ್ರ ರಫ್ತು ನಿಯಂತ್ರಣ ಕಾಯ್ದೆ ಅಂತ ಒಂದಿದೆ. ಅದರ ಪ್ರಕಾರ ದೊಡ್ಡ ಮಾರಾಟ ಇದ್ದರೆ ಸರ್ಕಾರ ಮೊದಲು ಕಾಂಗ್ರೆಸ್ಸಿಗೆ ತಿಳಿಸಬೇಕು. ಕಾಂಗ್ರೆಸ್ ಅಂದರೆ ಅವರ ಸಂಸತ್ತು. ನಮ್ಮ ಪಕ್ಷ ಅಲ್ಲ, ಬೆಂಗಳೂರಿನ ಕಾಂಗ್ರೆಸ್ ಕಡ್ಲೆಬೀಜವೂ ಅಲ್ಲ. ಕಡ್ಲೆಬೀಜದ ವಿಷಯ ಆಮೇಲೆ ಬರುತ್ತೆ, ನೆನಪಿಟ್ಟುಕೊಳ್ಳಿ. ತಿಳಿಸಿದ ಮೇಲೆ 30 ದಿನ ಕಾಯಬೇಕು. ಇಸ್ರೇಲ್, ಜಪಾನ್, ನೇಟೊ ದೇಶಗಳಂಥ ಹತ್ತಿರದ ನೆಂಟರಾದರೆ 15 ದಿನ ಸಾಕು. ಅಷ್ಟರೊಳಗೆ ಎರಡೂ ಸದನ ಬೇಡ ಅನ್ನದಿದ್ದರೆ ಒಪ್ಪಿಗೆ ಅಂತಲೇ ಲೆಕ್ಕ. ಬಾಯಿ ಬಿಟ್ಟು ಹೂಂ ಅನ್ನಬೇಕಾಗಿಯೂ ಇಲ್ಲ, ಸುಮ್ನೆ ಕೂತಿದ್ದರೆ ಸಾಕು.

ಸರಿ, ಎರಡೂ ಸದನ ಒಟ್ಟಿಗೆ ಬೇಡ ಅಂತು ಅಂತಿಟ್ಟುಕೊಳ್ಳಿ. ಆಗ ಆ ನಿರ್ಣಯ ಸಹಿಗೆ ಯಾರ ಹತ್ತಿರ ಹೋಗುತ್ತೆ ಗೊತ್ತಾ? ಮಾರಲು ಹೊರಟ ಅಧ್ಯಕ್ಷರ ಹತ್ತಿರವೇ. ‘ಸ್ವಾಮಿ, ನಿಮ್ಮ ವ್ಯಾಪಾರ ನಿಲ್ಲಿಸುವ ಕಾಗದ ಇದು, ದಯವಿಟ್ಟು ಸಹಿ ಮಾಡಿ.’ ಅವರು ವೀಟೊ ಮಾಡುತ್ತಾರೆ. ಮಾಡದೆ ಏನು ಮಾಡುತ್ತಾರೆ? ಅದನ್ನು ಮೀರಬೇಕೆಂದರೆ ಎರಡೂ ಸದನದಲ್ಲಿ ಮೂರನೇ ಎರಡು ಭಾಗ ಮತ ಬೇಕು. ಕಾಯ್ದೆ ಬಂದು ಅರ್ಧ ಶತಮಾನವಾಗುತ್ತಾ ಬಂತು, ಈ ದಾರಿಯಲ್ಲಿ ನಿಂತುಹೋದ ಮಾರಾಟ ಒಂದೂ ಇಲ್ಲ. ಅರ್ಧ ಅಲ್ಲ, ಕಾಲು ಅಲ್ಲ, ಸೊನ್ನೆ.

ಮೊದಲು ಇಷ್ಟು ಕೆಟ್ಟಿರಲಿಲ್ಲ. ಎರಡೂ ಸದನ ಬೇಡ ಅಂದರೆ ಮುಗೀತು, ಅಧ್ಯಕ್ಷರ ಸಹಿ ಬೇಕಿರಲಿಲ್ಲ. ಆ ಹಲ್ಲು ಉದುರಿದ್ದು ಯುದ್ಧದಿಂದಲೂ ಅಲ್ಲ, ಒಪ್ಪಂದದಿಂದಲೂ ಅಲ್ಲ, ವೀಸಾ ಮುಗಿದ ಒಬ್ಬ ವಿದ್ಯಾರ್ಥಿಯಿಂದ. ಜಗದೀಶ್ ರಾಯ್ ಚಡ್ಢಾ ಅಂತ, ಹುಟ್ಟಿದ್ದು ಕೀನ್ಯಾದಲ್ಲಿ, ಮೂಲ ಭಾರತದ್ದು, ಕೈಯಲ್ಲಿದ್ದದ್ದು ಬ್ರಿಟಿಷ್ ಪಾಸ್‌ಪೋರ್ಟು. 1966ರಲ್ಲಿ ಓದಲು ಅಮೆರಿಕಕ್ಕೆ ಹೋದರು, 1972ರಲ್ಲಿ ವೀಸಾ ಮುಗಿಯಿತು. ವಲಸೆ ನ್ಯಾಯಾಧೀಶರು ಇಲ್ಲೇ ಇರಲಿ ಬಿಡಿ ಅಂದರು. ಆದರೆ ಆಗಿನ ಕಾನೂನಿನಲ್ಲಿ ಇಂಥ ಒಬ್ಬೊಬ್ಬರ ವಿಷಯದಲ್ಲೂ ಸಂಸತ್ತಿನ ಒಂದೇ ಸದನ ತಕರಾರು ತೆಗೆಯಬಹುದಿತ್ತು, ತೆಗೆಯಿತು. ಚಡ್ಢಾ ಬಿಡಲಿಲ್ಲ, ಸುಪ್ರೀಂ ಕೋರ್ಟಿನವರೆಗೂ ಹೋದರು. 1983ರಲ್ಲಿ ಕೋರ್ಟು ಹೇಳಿತು: ಸಂಸತ್ತು ಹೀಗೆ ಅಡ್ಡದಾರಿಯಲ್ಲಿ ವೀಟೊ ಹೊಡೆಯುವ ಹಾಗಿಲ್ಲ, ಎರಡೂ ಸದನದಲ್ಲಿ ಪಾಸಾಗಿ ಅಧ್ಯಕ್ಷರ ಮುಂದೆ ಹೋಗಲೇಬೇಕು. ಚಡ್ಢಾ ಅಮೆರಿಕದಲ್ಲಿ ಉಳಿದರು, ಒಳ್ಳೆಯದಾಯಿತು. ಅದೇ ತೀರ್ಪಿನ ಹೊಡೆತಕ್ಕೆ ಶಸ್ತ್ರ ಮಾರಾಟದ ಕಾಯ್ದೆಯನ್ನೂ ತಿದ್ದಬೇಕಾಯಿತು, ತಕರಾರಿಗೂ ಅಧ್ಯಕ್ಷರ ಸಹಿ ಬೇಕು ಅಂತಾಯಿತು. ವೀಸಾ ವಿಸ್ತರಣೆಗೆ ತಿಂಗಳುಗಟ್ಟಲೆ ಕಾಯುವ ನಮ್ಮ ಹುಡುಗರು ಇದನ್ನು ಓದಿ ಸ್ವಲ್ಪ ಸಮಾಧಾನ ಮಾಡಿಕೊಳ್ಳಲಿ. ನಿಮ್ಮ ಫೈಲಿನಲ್ಲೂ ಇಂಥ ಶಕ್ತಿ ಅಡಗಿರಬಹುದು.

ಹತ್ತಿರ ಬಂದದ್ದು ಒಮ್ಮೆ. 1986ರಲ್ಲಿ ಸೌದಿಗೆ ಕ್ಷಿಪಣಿ ಮಾರುವುದು ಬೇಡ ಅಂತ ಎರಡೂ ಸದನ ಭಾರೀ ಬಹುಮತದಿಂದ ಹೇಳಿದವು. ಆಗಿನ ಅಧ್ಯಕ್ಷ ರೇಗನ್ ವೀಟೊ ಮಾಡಿದರು. ನೂರು ಜನರ ಮೇಲ್ಮನೆ ಸೆನೆಟ್‌ನಲ್ಲಿ ಅದನ್ನು ಮೀರಲು 67 ಮತ ಬೇಕಿತ್ತು, ಬಿದ್ದದ್ದು 66. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೇಲಿನ ತಕರಾರುಗಳು ಆ ತುತ್ತಿನ ವಾಸನೆಯನ್ನೂ ನೋಡಲಿಲ್ಲ.

ಈಗ ಕಡ್ಲೆಬೀಜ. 2018ರ ಮಾರ್ಚ್‌ನಲ್ಲಿ ಸೌದಿ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್ ಶ್ವೇತಭವನಕ್ಕೆ ಬಂದರು. ಟ್ರಂಪ್ ಕ್ಯಾಮೆರಾಗಳ ಮುಂದೆ ಒಂದು ದೊಡ್ಡ ಬೋರ್ಡು ಎತ್ತಿ ಹಿಡಿದರು, ಅದರ ಮೇಲೆ ವಿಮಾನ, ಹಡಗು, ಕ್ಷಿಪಣಿಯ ಚಿತ್ರ, ಪಕ್ಕದಲ್ಲೇ ರೇಟು. ಸೀರೆ ಅಂಗಡಿಯವರು ಆಷಾಢ ಸೇಲ್‌ಗೂ ಇಷ್ಟು ನಾಚಿಕೆ ಬಿಟ್ಟು ಬೋರ್ಡು ಹಿಡಿಯುವುದಿಲ್ಲ. 52.5 ಕೋಟಿ ಡಾಲರ್ ಅಂತ ಬರೆದಿದ್ದ ಕಡೆ ಬೆರಳು ಮಾಡಿ, ಇದು ನಿಮಗೆ ಕಡ್ಲೆಬೀಜ ಅಂದರು. ಪಾಪ, ಬಸವನಗುಡಿ ಪರಿಷೆಯಲ್ಲಿ ಸೇರು ಕಡ್ಲೆಕಾಯಿಗೆ ಐದು ರೂಪಾಯಿ ಕಡಿಮೆ ಮಾಡಿ ಅಂತ ಚೌಕಾಸಿ ಮಾಡುವ ನಾವು!

ಅದೇ ವರ್ಷ ಆಗಸ್ಟ್ 9ರಂದು ಯೆಮೆನ್‌ನ ದಹ್ಯಾನ್‌ನಲ್ಲಿ ಮಕ್ಕಳು ಪ್ರವಾಸ ಹೊರಟಿದ್ದ ಬಸ್ಸಿನ ಮೇಲೆ ಸೌದಿ ಮೈತ್ರಿಕೂಟದ ಬಾಂಬು ಬಿತ್ತು. 40 ಮಕ್ಕಳು ಸತ್ತರು. ಬಾಂಬು ಅಮೆರಿಕದಲ್ಲಿ ತಯಾರಾದದ್ದು. ಈ ಪ್ಯಾರಾದಲ್ಲಿ ತಮಾಷೆ ಮಾಡಲು ನನಗೆ ಆಗುವುದಿಲ್ಲ.

ಇಷ್ಟಾದ ಮೇಲೆ ಕೆಲವು ಸಂಸದರು ಸೌದಿಯ ಮಾರಾಟಗಳಿಗೆ ಅಡ್ಡ ಹಾಕಿ ಕೂತರು. ಆಗ 2019ರ ಮೇ ತಿಂಗಳಲ್ಲಿ ವಿದೇಶಾಂಗ ಸಚಿವ ಮೈಕ್ ಪಾಂಪಿಯೋ ಒಂದು ಕಾಗದ ಬರೆದರು: ತುರ್ತು ಪರಿಸ್ಥಿತಿ. ಸೌದಿ, ಯುಎಇ, ಜೋರ್ಡಾನ್‌ಗೆ 22 ಮಾರಾಟ, ಸುಮಾರು 810 ಕೋಟಿ ಡಾಲರ್, ಕಾಯುವ ದಿನಗಳೆಲ್ಲ ರದ್ದು. ಎಂಥಾ ತುರ್ತು ಅಂದರೆ, ಅದರಲ್ಲಿ ಎಷ್ಟೋ ಸರಕು ತಲುಪಲು ತಿಂಗಳುಗಳು, ವರ್ಷಗಳು ಬೇಕಿದ್ದವು. 30 ದಿನ ಕಾಯಲು ಪುರುಸೊತ್ತಿಲ್ಲ, ಎರಡು ವರ್ಷ ಕಾಯಲು ಇದೆ! ಸಂಸತ್ತು ನಿರ್ಣಯ ಪಾಸು ಮಾಡಿತು, ಟ್ರಂಪ್ ವೀಟೊ ಮಾಡಿದರು, ಸೆನೆಟ್ ಅದನ್ನು ಮೀರಲಾಗಲಿಲ್ಲ. ಇದರ ತನಿಖೆ ಮಾಡುತ್ತಿದ್ದವರು ವಿದೇಶಾಂಗ ಇಲಾಖೆಯದೇ ಒಳತನಿಖಾಧಿಕಾರಿ, ಅಂದರೆ ಇನ್‌ಸ್ಪೆಕ್ಟರ್ ಜನರಲ್, ಸ್ಟೀವ್ ಲಿನಿಕ್. ಅವರನ್ನು 2020ರ ಮೇ ತಿಂಗಳಲ್ಲಿ ಮನೆಗೆ ಕಳಿಸಿದರು. ಆಗಸ್ಟ್‌ನಲ್ಲಿ ವರದಿ ಬಂತು. ತುರ್ತು ಅಂದರೆ ಏನು ಅಂತ ಕಾನೂನಿನಲ್ಲಿ ಎಲ್ಲೂ ಹೇಳಿಲ್ಲ, ಹಾಗಾಗಿ ಘೋಷಿಸಿದ ವಿಧಾನದಲ್ಲಿ ತಪ್ಪಿಲ್ಲ, ಆದರೆ ಜನಸಾಮಾನ್ಯರ ಸಾವಿನ ಅಪಾಯವನ್ನು ಪೂರ್ತಿ ಯೋಚಿಸಿರಲಿಲ್ಲ. ಅಂದರೆ ಫಾರಂ ಸರಿಯಾಗಿ ತುಂಬಿದ್ದಾರೆ.

ಅದೇ ವರದಿಯಲ್ಲಿ ಇನ್ನೊಂದು ಚಂದದ ಲೆಕ್ಕ ಇತ್ತು. ಆಗ ಸೌದಿಯಂಥ ದೇಶಗಳಿಗೆ ದೊಡ್ಡ ಆಯುಧಗಳಾದರೆ 1.4 ಕೋಟಿ ಡಾಲರ್ ಮುಟ್ಟಿದರೆ ಮಾತ್ರ ನೋಟಿಸ್. ಕೆಳಗಿದ್ದರೆ ಸಂಸತ್ತಿಗೆ ಹೇಳಬೇಕಾಗಿರಲಿಲ್ಲ. 2017ರಿಂದ ಸೌದಿ ಮತ್ತು ಯುಎಇ ವಿಷಯದಲ್ಲಿ ಹೀಗೆ ಮಿತಿಯ ಕೆಳಗೆ ನುಸುಳಿದ ವ್ಯವಹಾರಗಳು 4,221, ಒಟ್ಟು ಸುಮಾರು 1,120 ಕೋಟಿ ಡಾಲರ್. ತುರ್ತು ಅಂತ ಗಲಾಟೆ ಮಾಡಿ ಮಾರಿದ್ದಕ್ಕಿಂತ ಸದ್ದಿಲ್ಲದೆ ಹೋದದ್ದೇ ಜಾಸ್ತಿ! ನಮ್ಮಲ್ಲಿ ಟೆಂಡರ್ ಕರೆಯುವುದನ್ನು ತಪ್ಪಿಸಲು ಒಂದೇ ರಸ್ತೆಯನ್ನು ತುಂಡು ತುಂಡು ಮಾಡಿ ಬಿಲ್ ಬರೆಯುವ ಗುತ್ತಿಗೆದಾರರಿದ್ದಾರಲ್ಲ, ಅವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಇದು ಒಂದು ಪಕ್ಷದ ಖಾಯಿಲೆ ಅಂದುಕೊಳ್ಳಬೇಡಿ. 2023ರ ಡಿಸೆಂಬರ್ ಒಂದೇ ತಿಂಗಳಲ್ಲಿ ಬೈಡನ್ ಸರ್ಕಾರದ ವಿದೇಶಾಂಗ ಸಚಿವ ಬ್ಲಿಂಕನ್ ಇಸ್ರೇಲ್‌ಗಾಗಿ ಎರಡು ಸಲ ಇದೇ ತುರ್ತು ಕಾಗದ ಬರೆದರು. 2025ರ ಮಾರ್ಚ್‌ನಲ್ಲಿ ಮತ್ತೆ ಬಂದ ಟ್ರಂಪ್ ಸರ್ಕಾರದ ವಿದೇಶಾಂಗ ಸಚಿವ ರೂಬಿಯೋ ಇಸ್ರೇಲ್‌ಗೇ ಸುಮಾರು 400 ಕೋಟಿ ಡಾಲರಿಗೆ ಬರೆದರು. ನೆಂಟರಿಗೆ ಆ 15 ದಿನವೂ ಭಾರ.

ಹಾಗಾದರೆ ಸಂಸತ್ತಿಗೆ ಬಲವೇ ಇಲ್ಲವಾ? ಇದೆ, ಆದರೆ ಕಾನೂನಿನಲ್ಲಿಲ್ಲ, ವಾಡಿಕೆಯಲ್ಲಿದೆ. ಅಧಿಕೃತ ನೋಟಿಸ್‌ಗೆ ಮೊದಲೇ ಎರಡೂ ಸದನಗಳ ವಿದೇಶಾಂಗ ಸಮಿತಿಯ ಅಧ್ಯಕ್ಷರನ್ನೂ ವಿರೋಧಪಕ್ಷದ ಹಿರಿಯರನ್ನೂ ಒಂದು ಮಾತು ಕೇಳುತ್ತಾರೆ, ನಾಲ್ಕು ಜನ. ಅವರಲ್ಲಿ ಒಬ್ಬರು ಒಪ್ಪದಿದ್ದರೂ ಫೈಲು ನಿಲ್ಲುತ್ತೆ. ಅದಕ್ಕೆ ‘ಹೋಲ್ಡ್’ ಅಂತ ಹೆಸರು. ನೂರು ಸೆನೆಟರುಗಳು ಗಂಟಲು ಹರಿದುಕೊಂಡರೂ ಆಗದ ಕೆಲಸ ಒಬ್ಬರು ಮುಖ ತಿರುಗಿಸಿದರೆ ಆಗುತ್ತಿತ್ತು. ಇಂಥ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತವರು ನ್ಯೂಜೆರ್ಸಿಯ ಸೆನೆಟರ್ ಬಾಬ್ ಮೆನೆಂಡಿಸ್. ಟರ್ಕಿಗೆ ಎಫ್-16 ಅಂದರೆ ಅವರು ಬಹಳ ಕಾಲ ಜಪ್ಪಯ್ಯ ಅನ್ನಲಿಲ್ಲ. ಎಷ್ಟು ತತ್ವನಿಷ್ಠೆ ಅಂತ ಜನ ಮೆಚ್ಚುವಷ್ಟರಲ್ಲಿ ಎಫ್‌ಬಿಐನವರು ಮನೆಗೆ ಹೋದರು. ಬಟ್ಟೆಗಳ ಜೇಬಿನಲ್ಲಿ, ಕಪಾಟಿನಲ್ಲಿ, ತಿಜೋರಿಯಲ್ಲಿ 4.8 ಲಕ್ಷ ಡಾಲರಿಗೂ ಜಾಸ್ತಿ ನಗದು, ಜೊತೆಗೆ ಚಿನ್ನದ ಗಟ್ಟಿಗಳು. ಲೋಕಾಯುಕ್ತ ದಾಳಿಯ ಮರುದಿನ ನಮ್ಮ ಪೇಪರುಗಳಲ್ಲಿ ಮಂಚದ ಮೇಲೆ ಒಡವೆ, ನೋಟಿನ ಕಂತೆ ಹರಡಿದ ಫೋಟೊ ಬರುತ್ತಲ್ಲ, ಥೇಟ್ ಅದೇ. ಈಜಿಪ್ಟ್‌ಗೆ ಟ್ಯಾಂಕ್ ಗುಂಡುಗಳ 9.9 ಕೋಟಿ ಡಾಲರ್ ಮಾರಾಟಕ್ಕೆ ಸಹಿ ಮಾಡುತ್ತಿದ್ದೇನೆ ಅಂತ ಅವರು ಆಗಿನ್ನೂ ಗೆಳತಿಯಾಗಿದ್ದ ಹೆಂಡತಿಗೆ ಮೆಸೇಜ್ ಮಾಡಿದ್ದರು ಅಂತ ಆರೋಪಪಟ್ಟಿ ಹೇಳಿತು. ಬರುವಾಗ ಹಾಲು ತರ್ತೀನಿ ಅನ್ನುವಷ್ಟೇ ಸಲೀಸು. 2024ರಲ್ಲಿ 16 ಆರೋಪಗಳಲ್ಲೂ ತಪ್ಪಿತಸ್ಥರಾದರು, 11 ವರ್ಷ ಶಿಕ್ಷೆ.

ನಿಗಾ ವ್ಯವಸ್ಥೆಯಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದ ಒಂದೇ ಬೀಗದ ರೇಟು ಏನು ಅಂತ ಹೀಗೆ ಜಗತ್ತಿಗೆಲ್ಲ ಗೊತ್ತಾಯಿತು. ಈಗ ಆ ವಾಡಿಕೆಯೂ ಮುರಿಯುತ್ತಿದೆ. 2025ರ ಫೆಬ್ರವರಿಯಲ್ಲಿ ಆ ನಾಲ್ವರಲ್ಲಿ ಒಬ್ಬರಾದ ಸಂಸದ ಗ್ರೆಗೊರಿ ಮೀಕ್ಸ್ ಒಪ್ಪದಿದ್ದರೂ ಸರ್ಕಾರ ಇಸ್ರೇಲ್‌ನ ನೋಟಿಸನ್ನು ಸೀದಾ ಕಳಿಸಿಬಿಟ್ಟಿತು. ವಾಡಿಕೆ ಮುರಿದರೆ ಕೇಸ್ ಹಾಕಲು ಬರುವುದಿಲ್ಲ ನೋಡಿ.

ಸೆನೆಟರ್ ಬರ್ನಿ ಸ್ಯಾಂಡರ್ಸ್ ಮಾತ್ರ ಇನ್ನೂ ಆ ಸಣ್ಣಕ್ಷರದ ನೋಟಿಸ್‌ಗೆ ತಕರಾರು ಅರ್ಜಿ ಹಾಕುತ್ತಲೇ ಇದ್ದಾರೆ. 2024ರ ನವೆಂಬರ್‌ನಲ್ಲಿ ಇಸ್ರೇಲ್‌ಗೆ ಆಯುಧ ಬೇಡ ಅಂದವರು ನೂರಕ್ಕೆ ಹದಿನೇಳು, ಹದಿನೆಂಟು, ಹತ್ತೊಂಬತ್ತು. 2025ರ ಜುಲೈಯಲ್ಲಿ ಒಂದು ನಿರ್ಣಯಕ್ಕೆ 27. ಫೇಲಾದ ಹುಡುಗನ ಮಾರ್ಕ್ಸ್ ಕಾರ್ಡಿನಲ್ಲಿ ಪ್ರಗತಿ ಹುಡುಕುವ ಅಪ್ಪನ ಹಾಗೆ ಅದನ್ನೇ ಪತ್ರಿಕೆಗಳು ದಾಖಲೆ ಅಂತ ಬರೆದವು.

ಇಷ್ಟೆಲ್ಲ ಆದ ಮೇಲೆ ನೋಟಿಸ್ ಒಳಗೆ ಏನಿರುತ್ತೆ ಅಂತ ಓದಿದವರು ಕಮ್ಮಿ. ನನಗೆ ಅದರ ಒಂದು ವಾಕ್ಯ ಬಹಳ ಇಷ್ಟ. ಯಾವ ದೇಶಕ್ಕೆ ಮಾರಲಿ, ಏನೇ ಮಾರಲಿ, ಹೆಚ್ಚುಕಮ್ಮಿ ಎಲ್ಲದರಲ್ಲೂ ಅದು ಇರುತ್ತೆ: ಈ ಮಾರಾಟದಿಂದ ಆ ಪ್ರದೇಶದ ಮೂಲ ಸೇನಾ ಸಮತೋಲನ ಬದಲಾಗುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಎಫ್-16 ವಿಮಾನಗಳ ನಿರ್ವಹಣೆಗೆ 45 ಕೋಟಿ ಡಾಲರಿನ ನೋಟಿಸ್ ಹೊರಟಿತು, ಅದರಲ್ಲೂ ಈ ವಾಕ್ಯ. ಭಯೋತ್ಪಾದನೆ ಎದುರಿಸಲು ಅಂತ ಅವರು ಕೊಟ್ಟ ಕಾರಣ ಕೇಳಿ ನಮ್ಮ ಜೈಶಂಕರ್, ಇದರಿಂದ ನೀವು ಯಾರನ್ನೂ ಮಂಗ ಮಾಡಲು ಆಗುವುದಿಲ್ಲ ಅನ್ನೋ ಅರ್ಥದಲ್ಲಿ ಅಮೆರಿಕದಲ್ಲೇ ನಿಂತು ಹೇಳಿ ಬಂದರು. ಆಮೇಲೆ ನಮ್ಮ ಸರದಿ. 31 ಎಂಕ್ಯೂ-9ಬಿ ಡ್ರೋನ್‌ಗಳು. ಅಮೆರಿಕದ ನೆಲದಲ್ಲಿ ಒಬ್ಬ ಖಾಲಿಸ್ತಾನಿಯನ್ನು ಕೊಲ್ಲಿಸಲು ಸಂಚು ನಡೆದಿತ್ತು ಅನ್ನೋ ಕೇಸ್ ಇಟ್ಟುಕೊಂಡು ಸೆನೆಟರ್ ಬೆನ್ ಕಾರ್ಡಿನ್ ಸ್ವಲ್ಪ ಕಾಲ ಹೋಲ್ಡ್ ಮಾಡಿದರು, ತನಿಖೆಯ ಭರವಸೆ ಸಿಕ್ಕ ಮೇಲೆ ಬಿಟ್ಟರು. 2024ರ ಫೆಬ್ರವರಿ 1ರಂದು ನೋಟಿಸ್ ಬಂತು, ಪಾಕಿಸ್ತಾನಕ್ಕೆ ಬರೆದ ಆ ವಾಕ್ಯವೇ ಇದರಲ್ಲೂ ಇತ್ತು. 399 ಕೋಟಿ ಡಾಲರ್ ಅಂದಾಜು ಬೆಲೆ. ಕೊಂಡರೂ ಏನೂ ವ್ಯತ್ಯಾಸ ಆಗಲ್ಲ ಅಂತ ಅಂಗಡಿಯವನೇ ಬರೆದುಕೊಟ್ಟ ಗ್ಯಾರಂಟಿ ಕಾರ್ಡು ನಾನು ನೋಡಿದ್ದು ಇದೇ ಮೊದಲು.